ಆರನೆಯ ಮಣಿ

"ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯಲ್ಲಿ ಆರನೆಯ ಸ್ಥಾನದ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲಿನ್ ಬಂದು ಕೂರುವುದೇ ಕುಡುಗೋಲು ಕಣ ರಕ್ತಹೀನತೆಗೆ ಕಾರಣ." ದ್ವಿತೀಯ ಪಿಯುಸಿ ಮಕ್ಕಳಿಗೆ ನಾನು ಈ ವಾಕ್ಯವನ್ನು ವರ್ಷ ವರ್ಷ ಬರೆಸಿದ್ದೇನೆ. ಪರೀಕ್ಷೆಗೆ ಬರುವ ಪ್ರಶ್ನೆ, ಅಡಿಗೆರೆ ಹಾಕಿಕೊಳ್ಳಿ ಎಂದೂ ಹೇಳಿದ್ದೇನೆ. ಚಾಮರಾಜನಗರ ಜಿಲ್ಲೆಯ ಸರ್ಕಾರಿ ಕಾಲೇಜೊಂದರಲ್ಲಿ ಹಾಗೆ ಬರೆಸುತ್ತಿದ್ದ ಒಂದು ವರ್ಷ, ಆ ಕಾಯಿಲೆಯನ್ನು ಮೈಯಲ್ಲಿ ಹೊತ್ತ ಹುಡುಗನೊಬ್ಬ ನನ್ನ ತರಗತಿಯ ಮೂರನೆಯ ಬೆಂಚಿನಲ್ಲಿ ಕೂತು ಅದನ್ನೇ ಬರೆದುಕೊಳ್ಳುತ್ತಿದ್ದ. ಅವನಿಗೆ ಅದು ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ.

ಬಿಳಿಗಿರಿರಂಗನ ಬೆಟ್ಟದ ಒಂದು ಪೋಡಿನಿಂದ, ಅಂದರೆ ಹಾಡಿಯಿಂದ, ಬಂದ ಸೋಲಿಗ ಬುಡಕಟ್ಟಿನ ಹುಡುಗ. ಹಾಸ್ಟೆಲಿನಲ್ಲಿದ್ದ. ನವೆಂಬರ್ ಬಂತೆಂದರೆ ವಾರಕ್ಕೆ ಎರಡು ದಿನ ಗೈರುಹಾಜರಿ. ಬಂದ ದಿನವೂ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದುಕೊಳ್ಳುತ್ತಿದ್ದ. ಕಣ್ಣಿನ ಬಿಳಿಭಾಗ ಕೊಂಚ ಹಳದಿ. ಆಟದ ಅವಧಿಯಲ್ಲಿ ಮರದಡಿ ಕೂತಿರುತ್ತಾನೆ ಎಂದು ದೂರು ಬಂದಾಗ ನಾನೇ ಅವನನ್ನು ಕರೆಸಿ, ಎಲ್ಲ ಮಕ್ಕಳ ಎದುರಿಗೆ ಸೋಮಾರಿ ಎಂದು ಗದರಿಸಿದೆ. ಆ ಮಾತು ಇವತ್ತಿಗೂ ನನ್ನ ಎದೆಯಲ್ಲಿ ಮುಳ್ಳಿನಂತೆ ಇದೆ. ಮುಂದಿನ ವಾರ ಅವನ ಅಪ್ಪ ಬೆಟ್ಟ ಇಳಿದು ಬಂದರು. ಸ್ಟಾಫ್ ರೂಮಿನ ಬಾಗಿಲ ಹೊರಗೇ ನಿಂತು, "ಚಳಿ ಬಿದ್ರೆ ಸಾಕು ಕನಮ್ಮ, ಮೂಳೆ ಒಳ್ಗೇ ಸೇದ್ತದಂತೆ. ರಾತ್ರಿಯೆಲ್ಲ ಮಲ್ಗಲ್ಲ" ಎಂದರು. ಚಿಕಿತ್ಸೆಗೆ ಹೋದ ಕಡೆ ಕಬ್ಬಿಣಾಂಶದ ಮಾತ್ರೆ ಕೊಟ್ಟು, ಹುಡುಗನಿಗೆ ಶಕ್ತಿ ಸಾಲದು, ಪ್ರೋಟೀನ್ ಇರುವ ಆಹಾರ ಕೊಡಿ ಎಂದು ಹೇಳಿ ಕಳಿಸಿದ್ದರಂತೆ. ಕೆಲವು ತಿಂಗಳ ಬಳಿಕ ರಕ್ತಪರೀಕ್ಷೆಯ ಶಿಬಿರವೊಂದರಲ್ಲಿ ನಿಜ ಹೊರಬಿತ್ತು.

ಪ್ರೋಟೀನ್ ಕೊಡಿ ಎಂಬ ಆ ಮಾತಿನ ಬಗ್ಗೆಯೇ ಈ ಲೇಖನ. ಆ ಹುಡುಗನ ಮೈಯಲ್ಲಿ ಪ್ರೋಟೀನಿಗೆ ಬರವಿರಲಿಲ್ಲ. ಒಂದೇ ಒಂದು ಕೆಂಪು ರಕ್ತಕಣದೊಳಗೆ ಸುಮಾರು 27 ಕೋಟಿ ಹಿಮೋಗ್ಲೋಬಿನ್ ಅಣುಗಳಿರುತ್ತವೆ. ಕೊರತೆ ಇದ್ದದ್ದು ತೂಕದಲ್ಲಲ್ಲ, ಆಕಾರದಲ್ಲಿ. ನಾವು ಪ್ರೋಟೀನ್ ಎಂದರೆ ಬೇಳೆ, ಮೊಟ್ಟೆ, ಡಬ್ಬಿಯ ಪುಡಿ, ಇಷ್ಟು ಗ್ರಾಂ ಎಂದು ಅಳೆಯುವುದನ್ನು ಕಲಿತಿದ್ದೇವೆ, ಮಕ್ಕಳಿಗೂ ಅದನ್ನೇ ಕಲಿಸುತ್ತಿದ್ದೇವೆ. ಜೀವಕೋಶದ ಲೆಕ್ಕ ಬೇರೆ. ಅಲ್ಲಿ ಪ್ರೋಟೀನ್ ಹೇಗೆ ಮಡಿಚಿಕೊಂಡಿದೆಯೋ ಅದೇ ಅದರ ಕೆಲಸ.

ನನ್ನ ತವರು ಕೊಳ್ಳೇಗಾಲದ ಹತ್ತಿರ. ಮನೆಯಲ್ಲಿ ರೇಷ್ಮೆ ಸಾಕುತ್ತಿದ್ದರು. ನಾಲ್ಕನೆಯ ಜ್ವರ ಎದ್ದ, ಅಂದರೆ ನಾಲ್ಕನೆಯ ಸಲ ಪೊರೆ ಕಳಚಿದ, ಹುಳುಗಳು ಹಗಲೂ ರಾತ್ರಿ ಹಿಪ್ಪುನೇರಳೆ ಸೊಪ್ಪು ಮೇಯುವಾಗ ಸೋಗೆಯ ಮೇಲೆ ಮಳೆ ಹನಿದಂಥ ಸದ್ದು. ಹುಳು ಹಣ್ಣಾದರೆ ಮೈ ಪಾರದರ್ಶಕವಾಗುತ್ತಿತ್ತು. ಅಮ್ಮ ಅವನ್ನು ಒಂದೊಂದಾಗಿ ಆಯ್ದು ಗೂಡು ಕಟ್ಟಲು ಚಂದ್ರಿಕೆಗೆ ಬಿಡುತ್ತಿದ್ದಳು. ಒಮ್ಮೆ ಅವಳ ಕೈಯಲ್ಲಿ ಹಣ್ಣು ಹುಳುವೊಂದು ಜಜ್ಜಿಹೋಗಿ ಬೆರಳಿಗೆಲ್ಲ ಅಂಟಂಟು ದ್ರವ ಮೆತ್ತಿಕೊಂಡಿತು. ಇದೇ ಕಣೇ ರೇಷ್ಮೆ ಎಂದು ತೋರಿಸಿದಳು. ನಾನು ನಂಬಲಿಲ್ಲ. ಬಿಎಸ್ಸಿ ಓದುವಾಗ ಅರ್ಥವಾಯಿತು, ಅಮ್ಮ ಹೇಳಿದ್ದು ಅಕ್ಷರಶಃ ನಿಜ. ಫೈಬ್ರೋಯಿನ್ ಎಂಬ ಪ್ರೋಟೀನ್ ಹುಳುವಿನ ಗ್ರಂಥಿಯಲ್ಲಿ ದ್ರವವಾಗಿ ತುಂಬಿಕೊಂಡಿರುತ್ತದೆ. ಹುಳು ತಲೆಯಾಡಿಸುತ್ತ ಎಳೆದಾಗ ಅವೇ ಅಣುಗಳು ನೀಳವಾಗಿ ಸಾಲುಗಟ್ಟಿ, ಒಂದಕ್ಕೊಂದು ಒತ್ತಾಗಿ ಹಾಳೆಗಳಂತೆ ಅಡುಕಿಕೊಂಡು ದಾರವಾಗುತ್ತವೆ. ಒಳಗಿದ್ದಾಗ ಯಾವ ವಸ್ತುವೋ ಹೊರಗೆ ಬಂದಾಗಲೂ ಅದೇ ವಸ್ತು. ಬದಲಾದದ್ದು ಮಡಿಕೆ ಮಾತ್ರ. ಆ ದಾರಕ್ಕೆ ಹೊದಿಕೆಯಾದ ಅಂಟು, ಸೆರಿಸಿನ್, ಇನ್ನೊಂದು ಪ್ರೋಟೀನ್. ಅದು ಬಿಸಿನೀರಿಗೆ ಕರಗುತ್ತದೆ, ಫೈಬ್ರೋಯಿನ್ ಕರಗುವುದಿಲ್ಲ. ನೂಲು ಬಿಚ್ಚಾಣಿಕೆಯ ಕಸುಬು ನಿಂತಿರುವುದೇ ಈ ವ್ಯತ್ಯಾಸದ ಮೇಲೆ. ಕುದಿಯುವ ನೀರಿನಲ್ಲಿ ಗೂಡು ಬೇಯಿಸಿ ಎಳೆಯ ತುದಿ ಹುಡುಕುವ ಹೆಂಗಸರ ಬೆರಳುಗಳಿಗೆ ಇದು ದಿನನಿತ್ಯದ ತಿಳಿವಳಿಕೆ.

ಪ್ರೋಟೀನ್ ಎಂದರೆ ಮೂಲದಲ್ಲಿ ಒಂದು ಮಣಿಸರ. ಅಮೈನೋ ಆಮ್ಲಗಳೆಂಬ ಇಪ್ಪತ್ತು ಬಗೆಯ ಮಣಿಗಳು. ಯಾವುದರ ಮುಂದೆ ಯಾವುದು ಎಂಬುದನ್ನು ವಂಶವಾಹಿ ನಿರ್ಧರಿಸುತ್ತದೆ. ಕೆಲವು ಮಣಿಗಳಿಗೆ ನೀರೆಂದರೆ ಪ್ರೀತಿ, ಕೆಲವಕ್ಕೆ ಆಗದು. ಕೆಲವು ಧನ, ಕೆಲವು ಋಣ ವಿದ್ಯುದಂಶ ಹೊತ್ತವು. ಜೀವಕೋಶದ ತುಂಬ ನೀರು. ನೀರಿಗಾಗದ ಮಣಿಗಳು ಒಳಕ್ಕೆ ಸರಿಯುತ್ತವೆ, ನೀರೊಲಿದವು ಹೊರಗೆ ಉಳಿಯುತ್ತವೆ, ಸರ ತಾನಾಗಿಯೇ ಮಡಿಚಿಕೊಳ್ಳುತ್ತದೆ. ಹಾಗೆಂದು ಮನಬಂದಂತೆ ಮಡಿಚಲಾಗದು. ನಮ್ಮ ಮೊಣಕೈ ಹಿಂದಕ್ಕೆ ಬಾಗುತ್ತದೆಯೇ? ಹಾಗೆಯೇ ಸರದ ಪ್ರತಿ ಗಂಟೂ ಕೆಲವೇ ಕೋನಗಳಲ್ಲಿ ತಿರುಗಬಲ್ಲದು. ಯಾವ ಕೋನ ಸಾಧ್ಯ, ಯಾವುದರಲ್ಲಿ ಅಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ ಎಂದು ಲೆಕ್ಕ ಹಾಕಿ ನಕ್ಷೆ ಬರೆದವರು ಜಿ.ಎನ್. ರಾಮಚಂದ್ರನ್, ಮದ್ರಾಸ್ ವಿಶ್ವವಿದ್ಯಾಲಯದಲ್ಲಿ, ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಜೊತೆ, 1963ರಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ನರ ಶಿಷ್ಯರಾಗಿದ್ದ ಅವರು ಮುಂದೆ ಅಲ್ಲಿಗೇ ಮರಳಿ ಬಂದು ಅಣು ಜೀವಭೌತಶಾಸ್ತ್ರದ ವಿಭಾಗ ಕಟ್ಟಿದರು. ಇವತ್ತಿಗೂ ಜಗತ್ತಿನ ಯಾವ ಮೂಲೆಯಲ್ಲಿ ಪ್ರೋಟೀನಿನ ರಚನೆ ಬಿಡಿಸಿದರೂ ಅದು ಸರಿಯಿದೆಯೇ ಎಂದು ನೋಡುವುದು ರಾಮಚಂದ್ರನ್ ನಕ್ಷೆಯ ಮೇಲಿಟ್ಟೇ. ನಮ್ಮ ನಾಡಿನಲ್ಲಿ ಬಾಳಿ ಹೋದ ಇಂಥ ಮನುಷ್ಯನ ಬಗ್ಗೆ ನಾನು ತರಗತಿಯಲ್ಲಿ ಒಂದು ಮಾತೂ ಹೇಳಿರಲಿಲ್ಲ ಎಂಬುದು ನನ್ನ ಇನ್ನೊಂದು ಸಂಕಟ.

ಹಿಮೋಗ್ಲೋಬಿನ್ನಿಗೆ ಬರುತ್ತೇನೆ. ಅದರಲ್ಲಿ ನಾಲ್ಕು ಸರಗಳು: 141 ಮಣಿಗಳ ಎರಡು ಆಲ್ಫಾ, 146 ಮಣಿಗಳ ಎರಡು ಬೀಟಾ. ನಾಲ್ಕೂ ಸುತ್ತಿಕೊಂಡು ಒಂದು ಉಂಡೆ. ಪ್ರತಿ ಸರದ ಮಡಿಲಲ್ಲಿ ಕಬ್ಬಿಣದ ಒಂದು ಪರಮಾಣು, ಆಮ್ಲಜನಕ ಬಂದು ಕೂರುವುದು ಅದರ ಮೇಲೆ. ಕೇಂಬ್ರಿಜ್‌ನಲ್ಲಿ ಮ್ಯಾಕ್ಸ್ ಪೆರುಟ್ಜ್ 1937ರಲ್ಲಿ ಇದರ ಬೆನ್ನು ಹತ್ತಿದರು. ಉಂಡೆಯ ಸ್ಥೂಲ ರೂಪ ಕಣ್ಣಿಗೆ ಬೀಳಲು 1959 ಬಂತು. ಇಪ್ಪತ್ತೆರಡು ವರ್ಷ! ಆ ಕೆಲಸ ಮುಂದುವರಿದಂತೆ ತಿಳಿದದ್ದು ಇನ್ನೂ ಸೊಗಸು: ಆಮ್ಲಜನಕ ಹತ್ತಿದಾಗ ಒಂದು ಆಕಾರ, ಇಳಿದಾಗ ಇನ್ನೊಂದು. ಒಂದು ಸರ ಆಮ್ಲಜನಕ ಹಿಡಿದೊಡನೆ ಇಡೀ ಉಂಡೆ ಕೊಂಚ ಹೊರಳಿ ಉಳಿದ ಸರಗಳಿಗೆ ಹಿಡಿಯುವುದು ಸುಲಭವಾಗುತ್ತದೆ. ನಾವು ಉಸಿರಾಡಿದಂತೆ ಪ್ರತಿ ಅಣುವೂ ಮಿಸುಕಾಡುತ್ತಿದೆ.

ಈಗ ಬೀಟಾ ಸರದ ಆರನೆಯ ಮಣಿ. ಇರಬೇಕಾದ ಗ್ಲುಟಾಮಿಕ್ ಆಮ್ಲ ನೀರೊಲಿದದ್ದು, ಋಣ ವಿದ್ಯುದಂಶ ಹೊತ್ತದ್ದು. ಉಂಡೆಯ ಹೊರಮೈಯಲ್ಲಿ ನೀರಿಗೆ ಮುಖ ಮಾಡಿ ಸುಖವಾಗಿರುತ್ತದೆ. ಅದರ ಜಾಗಕ್ಕೆ ಬಂದ ವ್ಯಾಲಿನ್‌ಗೆ ನೀರು ಆಗದು. ಶ್ವಾಸಕೋಶದಲ್ಲಿ, ಆಮ್ಲಜನಕ ಹತ್ತಿರುವಾಗ, ಏನೂ ತೊಂದರೆ ಇಲ್ಲ. ಆಮ್ಲಜನಕ ಇಳಿಸಿ ಆಕಾರ ಹೊರಳಿದಾಗ ಪಕ್ಕದ ಉಂಡೆಯ ಮೇಲೆ ಒಂದು ಸಣ್ಣ ತಗ್ಗು ತೆರೆದುಕೊಳ್ಳುತ್ತದೆ, ನೀರಿಗಾಗದ ವ್ಯಾಲಿನ್ ಅಲ್ಲಿ ಹೋಗಿ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ಇನ್ನೊಂದು, ಮತ್ತೊಂದು. ಬಿಡಿಬಿಡಿಯಾಗಿ ತೇಲಬೇಕಾದ ಅಣುಗಳು ಕೋಲುಗಳಾಗಿ ಬೆಳೆದು ರಕ್ತಕಣವನ್ನು ಒಳಗಿನಿಂದ ತಿವಿಯುತ್ತವೆ. ಮೆತ್ತಗೆ ಬಾಗಿ ಸಂದಿಗೊಂದಿ ನುಸುಳಬೇಕಾದ ದುಂಡು ಕಣ ಕುಡುಗೋಲಾಗಿ ಸೆಟೆದು ಸಣ್ಣ ರಕ್ತನಾಳದಲ್ಲಿ ಅಡ್ಡ ಬೀಳುತ್ತದೆ. ಆಚೆಯ ಮೂಳೆಗೆ ಆಮ್ಲಜನಕವಿಲ್ಲ. ಮೂಳೆ ಒಳಗೇ ಸೇದುತ್ತದೆ ಎಂದು ಆ ತಂದೆ ಅಂದದ್ದು ಇದನ್ನೇ. ಚಳಿಗೆ ರಕ್ತನಾಳ ಕುಗ್ಗಿದಾಗ, ನೀರು ಕುಡಿಯದೆ ಕಣ ಒಣಗಿದಾಗ, ಓಡಿ ದಣಿದಾಗ ನೋವು ಏರುತ್ತದೆ. 120 ದಿನ ಬಾಳಬೇಕಾದ ಕಣ ಹತ್ತಿಪ್ಪತ್ತು ದಿನಕ್ಕೇ ಒಡೆಯುತ್ತದೆ. ಕಣ್ಣಿನ ಹಳದಿ, ಸುಸ್ತು, ರಕ್ತಹೀನತೆ ಎಲ್ಲವೂ ಅದರಿಂದ. ಆಟದ ಅವಧಿಯಲ್ಲಿ ಮರದಡಿ ಕೂತ ಆ ಹುಡುಗನ ದೇಹ ಸರಿಯಾದ ನಿರ್ಧಾರವನ್ನೇ ಮಾಡಿತ್ತು.

ಕಾಯಿಲೆಯೊಂದರ ಮೂಲ ಅಣುವೊಂದರಲ್ಲಿದೆ ಎಂದು ಜಗತ್ತಿಗೆ ಮೊದಲು ಸ್ಪಷ್ಟವಾದದ್ದು ಇದರಿಂದಲೇ. ಲೈನಸ್ ಪೌಲಿಂಗ್ ಮತ್ತು ಸಂಗಡಿಗರು 1949ರಲ್ಲಿ ರೋಗಿಗಳ ಹಿಮೋಗ್ಲೋಬಿನ್ ವಿದ್ಯುತ್ ಕ್ಷೇತ್ರದಲ್ಲಿ ಬೇರೆ ರೀತಿ ಸರಿಯುತ್ತದೆಂದು ತೋರಿಸಿದರು. ಆರನೆಯ ಮಣಿಯವರೆಗೆ ಹೋಗಿ ಮುಟ್ಟಿದವರು ವರ್ನನ್ ಇಂಗ್ರಾಮ್, 1957ರ ಹೊತ್ತಿಗೆ. ಭಾರತದಲ್ಲಿ ಇದು ಮೊದಲು ದಾಖಲಾದದ್ದು 1952ರಲ್ಲಿ, ನಮ್ಮ ಗಡಿಗೆ ತಾಗಿದ ನೀಲಗಿರಿಯ ಬುಡಕಟ್ಟುಗಳಲ್ಲಿ. ಕಾಡಿನ ಜನರಲ್ಲಿ ಇದು ಯಾಕೆ ಉಳಿಯಿತು ಎಂಬುದಕ್ಕೂ ಉತ್ತರವಿದೆ: ತಂದೆ ಅಥವಾ ತಾಯಿ ಒಬ್ಬರಿಂದ ಮಾತ್ರ ಈ ವಂಶವಾಹಿ ಪಡೆದವರಿಗೆ, ಅಂದರೆ ವಾಹಕರಿಗೆ, ಮಲೇರಿಯಾದ ಮಾರಕ ರೂಪದಿಂದ ರಕ್ಷಣೆ ಸಿಗುತ್ತದೆ. ಮಲೇರಿಯಾ ತುಂಬಿದ ಕಾಡುಗಳಲ್ಲಿ ತಲೆತಲಾಂತರದಿಂದ ಮಕ್ಕಳನ್ನು ಉಳಿಸಿದ್ದು ಇದೇ. ನಮ್ಮ ಸ್ಟಾಫ್ ರೂಮಿನಲ್ಲಿ ಯಾರೋ "ಅವರಲ್ಲೇ ಮದುವೆ ಆಗ್ತಾರಲ್ಲ, ಅದಕ್ಕೇ" ಅಂದಾಗ ನಾನು ಇದನ್ನು ಹೇಳಬೇಕಿತ್ತು. ಹೇಳಲಿಲ್ಲ.

2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಕೇಂದ್ರ ಸರ್ಕಾರ ಸಿಕಲ್ ಸೆಲ್, ಅಂದರೆ ಇದೇ ಕುಡುಗೋಲು ಕಣ ಕಾಯಿಲೆಯ, ನಿರ್ಮೂಲನೆಯ ರಾಷ್ಟ್ರೀಯ ಅಭಿಯಾನ ಆರಂಭಿಸಿತು. ನಲವತ್ತು ವರ್ಷದೊಳಗಿನ 7 ಕೋಟಿ ಜನರ ತಪಾಸಣೆ, 2047ರೊಳಗೆ ನಿರ್ಮೂಲನೆ ಎಂಬುದು ಗುರಿ. ಪರೀಕ್ಷೆ ಮಾಡಿಸಿಕೊಂಡವರಿಗೆ ಕಾರ್ಡು ಕೊಡುತ್ತಾರೆ. ನಾನಿದನ್ನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಕಾರ್ಡು ಕೈಗೆ ಬಂದಮೇಲೆ ಅದನ್ನು ಓದಿ ಹೇಳುವವರು ಯಾರು? ವಾಹಕಿ ಎಂದು ಬರೆದ ಕಾರ್ಡು ಹಿಡಿದ ಹುಡುಗಿಯನ್ನು ಊರು ರೋಗಿ ಎಂದೇ ತಿಳಿದರೆ ಅವಳ ಗತಿಯೇನು? ವಾಹಕರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಬಾಳುತ್ತಾರೆ. ಇಬ್ಬರು ವಾಹಕರು ಮದುವೆಯಾದರೆ ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದು ಪಾಲು ಕಾಯಿಲೆಯ ಸಂಭವ. ಇದನ್ನು ಪೋಡಿನ ಅಂಗಳದಲ್ಲಿ ಕೂತು, ಅವರ ಮಾತಿನಲ್ಲಿ, ಆತುರವಿಲ್ಲದೆ ಹೇಳಬಲ್ಲವರು ಬೇಕು. ಪೋಡುಗಳಿಂದ ಬಂದು ಪಿಯು ವಿಜ್ಞಾನ ಓದಿದ ಮಕ್ಕಳೇ ಇದ್ದಾರಲ್ಲ! ಅವರಿಗೆ ಸರಿಯಾಗಿ ಕಲಿಸಿ, ಗೌರವಧನ ಕೊಟ್ಟು ಈ ಕೆಲಸಕ್ಕೆ ಹಚ್ಚಬೇಕು. ಹೈಡ್ರಾಕ್ಸಿಯೂರಿಯಾ ಮಾತ್ರೆ ಬೆಟ್ಟದ ತಪ್ಪಲಲ್ಲೇ ತಪ್ಪದೆ ಸಿಗಬೇಕು. ಹುಟ್ಟುವ ಮೊದಲು ನಮ್ಮೆಲ್ಲರ ಮೈಯಲ್ಲಿದ್ದ ಭ್ರೂಣದ ಹಿಮೋಗ್ಲೋಬಿನ್ನನ್ನು ಆ ಮಾತ್ರೆ ಮತ್ತೆ ಹೆಚ್ಚಿಸುತ್ತದೆ. ಅದರ ಸರಗಳು ಕೋಲು ಕಟ್ಟುವ ಸಾಲಿಗೆ ಸೇರುವುದಿಲ್ಲ.

ಇನ್ನು ತರಗತಿ. ಪಠ್ಯದಲ್ಲಿ ಸಾಲು ಇದೆ, ಅದು ತಪ್ಪೂ ಅಲ್ಲ. ಅದನ್ನು ಕೈಗೆ ಸಿಗುವಂತೆ ಕಲಿಸಬೇಕೆಂಬುದು ನನ್ನ ಹಟ. ಶಿಬಿರದಲ್ಲಿ ಮಾಡುವ ಮೊದಲ ಪರೀಕ್ಷೆಯನ್ನೇ ನೋಡಿ. ಒಂದು ನಳಿಕೆಯಲ್ಲಿ ಆಮ್ಲಜನಕ ಕಸಿಯುವ ದ್ರಾವಣ, ಅದಕ್ಕೆ ಒಂದು ಹನಿ ರಕ್ತ, ನಳಿಕೆಯ ಹಿಂದೆ ಗೆರೆ ಎಳೆದ ಕಾಗದ. ಗೆರೆ ಕಂಡರೆ ಸರಿ. ದ್ರಾವಣ ಕದಡಿ ಗೆರೆ ಮರೆಯಾದರೆ ಆರನೆಯ ಮಣಿ ಬದಲಾಗಿರುವ ಹಿಮೋಗ್ಲೋಬಿನ್ ಅಲ್ಲಿದೆ ಎಂದರ್ಥ. ವಾಹಕರೋ ರೋಗಿಯೋ ಎಂದು ತಿಳಿಯಲು ಮುಂದಿನ ಪರೀಕ್ಷೆ ಬೇಕು, ನಿಜ. ಆದರೂ ಪ್ರೋಟೀನಿನ ಆಕಾರ ಎಂಬುದು ಬರಿಗಣ್ಣಿಗೆ ಕಾಣುವ ಗಳಿಗೆ ಅದು. ನಮ್ಮ ಜಿಲ್ಲೆಯ ಮಕ್ಕಳು ಅದನ್ನು ನೋಡದೆ ಪಿಯುಸಿ ಮುಗಿಸಬಾರದು.

ಹುಡುಗ ಪರೀಕ್ಷೆ ಬರೆದ, ಪಾಸಾದ. ಫಲಿತಾಂಶಕ್ಕೂ ಮುಂಚೆ ಒಂದು ಮಧ್ಯಾಹ್ನ, ಖಾಲಿ ತರಗತಿಯಲ್ಲಿ, ನಾನು ಅವನ ಕ್ಷಮೆ ಕೇಳಿ, ಅಮ್ಮನ ಹಳೆಯ ಮಣಿಸರ ಬಿಚ್ಚಿ ಮೇಜಿನ ಮೇಲೆ ಹರಡಿ, ಅವನ ರಕ್ತದಲ್ಲಿ ನಡೆಯುತ್ತಿರುವುದನ್ನು ತೋರಿಸಿದೆ. ಪಕ್ಕದಲ್ಲಿ ನೀರಿನ ಬಾಟಲಿ ಇಟ್ಟುಕೊಂಡು ಬಗ್ಗಿ ನೋಡುತ್ತಿದ್ದ. ಆರನೆಯದನ್ನು ಬೆರಳಲ್ಲಿ ಸರಿಸಿ ಪಕ್ಕಕ್ಕಿಟ್ಟ.

"ಇದೊಂದೇನಾ ಮೇಡಂ? ಮಿಕ್ಕ ನೂರನಲವತ್ತೈದೂ ಸರಿಯಾಗೇ ಅವೆಯಾ?"

ಅವೆ ಕಣಪ್ಪ ಎಂದೆ. ಅವನು ಮತ್ತೆ ಮೊದಲಿನಿಂದ ಎಣಿಸತೊಡಗಿದ.