ಸಫ್ಫಿನಲ್ಲಿ ತೆರವಾದ ಸ್ಥಾನ

'ನಮಾಝ್ ಮನೆಯಲ್ಲೂ ಆಗುತ್ತದೆ. ಮಸೀದಿಗೆ ಹೋಗಿ ನನಗೆ ಹೆಚ್ಚಿಗೆ ಸಿಗುವುದಾದರೂ ಏನು?' ಈ ಪ್ರಶ್ನೆಯನ್ನು ನಮ್ಮ ಪಟ್ಟಣಗಳ ವಿದ್ಯಾವಂತ ಯುವಕರ ಬಾಯಲ್ಲಿ ಪದೇ ಪದೇ ಕೇಳುತ್ತಿದ್ದೇವೆ. ಅವರ ದೂರುಗಳಲ್ಲಿ ಹುರುಳಿಲ್ಲವೆಂದು ನಾವು ಹೇಳಲಾರೆವು. ಖುತ್ಬಾ ಅರ್ಥವಾಗುವುದಿಲ್ಲ, ಆಡಳಿತ ಸಮಿತಿಯ ಜಗಳ ಮಸೀದಿಯ ಅಂಗಳಕ್ಕೂ ಬರುತ್ತದೆ, ಪ್ರಶ್ನೆ ಕೇಳಿದವನನ್ನು ಹಿರಿಯರು ಗದರಿಸುತ್ತಾರೆ. 2020ರಲ್ಲಿ ಕೊರೋನಾದಿಂದಾಗಿ ಮಸೀದಿಗಳ ಬಾಗಿಲು ಮುಚ್ಚಿದಾಗ ಅನಿವಾರ್ಯವಾಗಿ ಆರಂಭವಾದ ಮನೆಯ ನಮಾಝ್ ಕೆಲವರಲ್ಲಿ ರೂಢಿಯಾಗಿಯೇ ಉಳಿದುಬಿಟ್ಟಿದೆ. ಆದರೆ ಆ ಪ್ರಶ್ನೆಯಲ್ಲಿಯೇ ಒಂದು ಕೊರತೆಯಿದೆ. ಅದರ ತುಂಬ ಪ್ರಶ್ನೆ ಕೇಳುವವನೇ ಇದ್ದಾನೆ. ಅವನ ಪಕ್ಕದಲ್ಲಿ ನಿಲ್ಲಬೇಕಾದವನಿಗೆ ಅಲ್ಲಿ ಸ್ಥಳವಿಲ್ಲ.

ಶರೀಅತ್ ಆ ಪಕ್ಕದವನನ್ನು ಮರೆತಿಲ್ಲ. ಜುಮಾ ನಮಾಝನ್ನು ಯಾರೂ ಒಬ್ಬಂಟಿಯಾಗಿ ನಿರ್ವಹಿಸಲಾರರು. ಇಮಾಮ್ ಅಬೂ ಹನೀಫರ ಮತದಂತೆ ಇಮಾಮರ ಹೊರತಾಗಿ ಕನಿಷ್ಠ 3 ಮಂದಿ ಬೇಕು; ಶಾಫಿಈ ಮಝ್‌ಹಬಿನ ಪ್ರಸಿದ್ಧ ಅಭಿಪ್ರಾಯದಂತೆ 40 ಮಂದಿ. ಸಂಖ್ಯೆಯ ಬಗ್ಗೆ ಭಿನ್ನಾಭಿಪ್ರಾಯವಿರಬಹುದು. ಆದರೆ ಒಬ್ಬನ ಆರಾಧನೆ ಪೂರ್ಣವಾಗಲು ಇನ್ನೊಬ್ಬನು ಮನೆಯಿಂದ ಹೊರಟು ಬರಬೇಕೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ.

ಪ್ರವಾದಿಯವರ(ಸ) ಮಸೀದಿಯನ್ನು ಗುಡಿಸುತ್ತಿದ್ದ ಓರ್ವ ಮಹಿಳೆಯ ಪ್ರಸಂಗ ಹದೀಸ್ ಗ್ರಂಥಗಳಲ್ಲಿದೆ. ಆಕೆ ಕಾಣಿಸದಿದ್ದಾಗ ಪ್ರವಾದಿಯವರು(ಸ) ವಿಚಾರಿಸಿದರು. ಆಕೆ ತೀರಿಕೊಂಡಳೆಂದು ತಿಳಿದಾಗ, ತಮಗೇಕೆ ತಿಳಿಸಲಿಲ್ಲವೆಂದು ಕೇಳಿ, ಆಕೆಯ ಗೋರಿಯ ಬಳಿಗೆ ಹೋಗಿ ನಮಾಝ್ ನಿರ್ವಹಿಸಿದರು. ಸುಲೈಮಾನ್ ಎಂಬವರು ಒಂದು ದಿನ ಮುಂಜಾನೆಯ ನಮಾಝ್‌ಗೆ ಬಾರದಿದ್ದಾಗ ಖಲೀಫಾ ಉಮರ್(ರ) ಅವರ ತಾಯಿಯನ್ನು ಕಂಡು ಕಾರಣ ವಿಚಾರಿಸಿದರು. ಮಗ ರಾತ್ರಿಯಿಡೀ ನಮಾಝ್ ನಿರ್ವಹಿಸಿ ನಿದ್ದೆಹೋದನೆಂದು ಆ ತಾಯಿ ಹೇಳಿದರು. ರಾತ್ರಿಯಿಡೀ ನಿಂತು ಆರಾಧಿಸುವುದಕ್ಕಿಂತ ಮುಂಜಾನೆಯ ಜಮಾಅತ್‌ನಲ್ಲಿ ಹಾಜರಿರುವುದೇ ತಮಗೆ ಹೆಚ್ಚು ಪ್ರಿಯವೆಂಬುದು ಉಮರ್‌ರ(ರ) ಉತ್ತರವಾಗಿತ್ತು. ಒಂದು ಸಾಮ್ರಾಜ್ಯದ ಹೊಣೆ ಹೊತ್ತವರು ಸಫ್ಫಿನಲ್ಲಿ ಒಂದು ಸ್ಥಾನ ತೆರವಾದುದನ್ನು ಗಮನಿಸಿದರು. ನಮ್ಮ ಮಸೀದಿಗಳಲ್ಲಿ ಅದನ್ನು ಗಮನಿಸುವವರು ಎಷ್ಟು ಮಂದಿ? ಓರ್ವ ಮಹಿಳೆಯ ಗೈರುಹಾಜರಿ ಗಮನಕ್ಕೆ ಬರುವಂತಹ ಮಸೀದಿ ನಮ್ಮಲ್ಲಿ ಎಷ್ಟಿದೆ?

ಅಗತ್ಯವಿರುವವನು ಕೇಳುತ್ತಾನೆ, ಆಗ ಕೊಟ್ಟರಾಯಿತು ಎಂದು ಹೇಳುವವರಿದ್ದಾರೆ. ಕುರ್‌ಆನ್‌ನ ಅಲ್ ಬಕರ ಅಧ್ಯಾಯ ಇದಕ್ಕಿಂತ ಸೂಕ್ಷ್ಮವಾಗಿದೆ. ಕಾಡಿ ಬೇಡದ ಬಡವರಿದ್ದಾರೆ. ಅವರ ಸ್ವಾಭಿಮಾನವನ್ನು ಕಂಡು ಅರಿಯದವನು ಅವರನ್ನು ಸ್ಥಿತಿವಂತರೆಂದೇ ಭಾವಿಸುತ್ತಾನೆ. ಅವರನ್ನು ಮುಖಚಹರೆಯಿಂದ ಗುರುತಿಸಬೇಕು ಎಂದು ಅದು ತಿಳಿಸುತ್ತದೆ. ಮುಖದಿಂದ ಗುರುತಿಸಬೇಕಾದರೆ ಮುಖ ಕಾಣಬೇಕಲ್ಲವೇ? ದಿನಕ್ಕೆ ಐದು ಬಾರಿ ಆ ಅವಕಾಶ ನಮಗೆ ದೊರೆಯುತ್ತದೆ. ಕೆಲಸ ಕಳೆದುಕೊಂಡವನು, ಮಗಳ ಮದುವೆಯ ಸಾಲದಲ್ಲಿ ಮುಳುಗಿದವನು, ಮಗನ ಕುಡಿತವನ್ನು ಯಾರಲ್ಲೂ ಹೇಳಿಕೊಳ್ಳಲಾರದವನು ನಮ್ಮ ಭುಜಕ್ಕೆ ಭುಜ ತಾಗಿಸಿಯೇ ನಿಂತಿರುತ್ತಾನೆ. ಸಲಾಮ್ ಹೇಳಿದ ಕೂಡಲೇ ಚಪ್ಪಲಿ ಹುಡುಕುವ ನಾವು ಅವನ ಮುಖ ನೋಡಿರುವುದಿಲ್ಲ.

ಮಂಡ್ಯ ಜಿಲ್ಲೆಯವರಿಗೆ ಇದು ದೂರದ ಮಾತಾಗಬಾರದು. 2024ರ ಸೆಪ್ಟೆಂಬರ್ 11ರಂದು ನಾಗಮಂಗಲದಲ್ಲಿ ಗಣೇಶ ವಿಸರ್ಜನೆಯ ಮೆರವಣಿಗೆಯ ವೇಳೆ ಗಲಭೆಯಾಯಿತು. ಎರಡೂ ಸಮುದಾಯಗಳವರ ಅಂಗಡಿಗಳು ಬೆಂಕಿಗೆ ಆಹುತಿಯಾದವು. ಬಂಧನದ ಭಯದಿಂದ ಹಲವರು ಊರು ಬಿಟ್ಟರು. ಇಂತಹ ರಾತ್ರಿಯ ಮರುದಿನ ಹೇಳಿಕೆ ಕೊಡುವ ನಾಯಕರಿಗೆ ಕೊರತೆಯಿರುವುದಿಲ್ಲ. ಆದರೆ ಯಾವ ಮನೆಯಲ್ಲಿ ಒಲೆ ಉರಿದಿಲ್ಲ, ಯಾವ ವೃದ್ಧೆಗೆ ಮಾತ್ರೆ ತಂದುಕೊಡಲು ಜನವಿಲ್ಲ ಎಂಬುದು ಗೊತ್ತಿರುವವನು ಆ ಮೊಹಲ್ಲಾದ ಮಸೀದಿಗೆ ನಿತ್ಯ ಬರುವವನು. ಆ ಅರಿವು ನಮ್ಮವರ ಮನೆಗಳಲ್ಲಿಯೇ ನಿಂತುಬಿಡಬಾರದು. ಅಂಗಡಿ ಸುಟ್ಟುಹೋದ ಹಿಂದೂ ನೆರೆಯವನೂ ನಮ್ಮ ನೆರೆಯವನೇ.

ಈ ಪಾಠ ಮಸೀದಿಯ ಹೊರಗಿನಿಂದಲೂ ಬಂದೀತು. ಅದೇ ಜಿಲ್ಲೆಯ ಪಾಂಡವಪುರ ತಾಲೂಕಿನ ಕ್ಯಾತನಹಳ್ಳಿ, ಎರಡು ಬಾರಿ ಶಾಸಕರಾಗಿ 2018ರಲ್ಲಿ ನಿಧನರಾದ ರೈತ ನಾಯಕ ಕೆ.ಎಸ್. ಪುಟ್ಟಣ್ಣಯ್ಯನವರ ಊರು. ಅವರು ಬೆಳೆದ ರೈತ ಸಂಘ 1980ರ ದಶಕದಲ್ಲಿ ಮರುಜಪ್ತಿ ಎಂಬ ಚಳವಳಿ ನಡೆಸಿತು. ಸಾಲಕ್ಕಾಗಿ ಜಪ್ತಿಯಾದ ಮನೆಯ ಸಾಮಾನುಗಳನ್ನು ರೈತರೆಲ್ಲ ಒಟ್ಟಾಗಿ ಹೋಗಿ ಮರಳಿ ತಂದು ಆ ಮನೆಗೆ ಒಪ್ಪಿಸುತ್ತಿದ್ದರು. ಆ ವಿಧಾನದ ಸರಿತಪ್ಪುಗಳ ಚರ್ಚೆ ಬೇರೆ. ತನ್ನ ಮನೆಯ ಪಾತ್ರೆಗಳು ಅಟ್ಟದಲ್ಲಿ ಭದ್ರವಾಗಿರುವಾಗಲೂ ಇನ್ನೊಬ್ಬನ ಪಾತ್ರೆಗಾಗಿ ಕೆಲಸ ಬಿಟ್ಟು ಹೊರಟ ರೈತ, ಇದರಿಂದ ತನಗೇನು ಸಿಗುವುದೆಂದು ಕೇಳುತ್ತ ಕುಳಿತಿದ್ದರೆ ಆ ಸಂಘಕ್ಕೆ ಯಾವ ಬಲವಿರುತ್ತಿತ್ತು? ಹಸಿರು ಶಾಲು ಹೊದ್ದವರಿಗೆ ತಿಳಿದ ಈ ಸತ್ಯ, ಜಮಾಅತನ್ನು ಧರ್ಮದ ಭಾಗವಾಗಿಯೇ ಪಡೆದ ನಮಗೆ ತಿಳಿಯದೆ ಹೋದರೆ ಅದು ದುರಂತ.

ಆದ್ದರಿಂದ ಯುವಕರಲ್ಲಿ ನಮ್ಮ ವಿನಂತಿ ಇಷ್ಟೇ. ಮನಸ್ಸು ಒಪ್ಪದ ದಿನವೂ ಬನ್ನಿ. ಅಂದು ನಿಮಗೆ ಏನೂ ಸಿಗದಿರಬಹುದು. ನೀವು ಸಿಕ್ಕಿದ್ದರಿಂದ ಯಾರಿಗೋ ಉಪಕಾರವಾಗಬಹುದು. ನಮಾಝ್ ಮುಗಿದ ಬಳಿಕ ಐದು ನಿಮಿಷ ಕುಳಿತುಕೊಳ್ಳಿ. ಆಸ್ಪತ್ರೆಯ ಅರ್ಜಿ ತುಂಬಿಸಲು, ವಿದ್ಯಾರ್ಥಿವೇತನದ ದಿನಾಂಕ ತಿಳಿಸಲು, ಬರಿದೆ ಮಾತು ಕೇಳಿಸಿಕೊಳ್ಳಲು ನಿಮ್ಮಂತಹ ಓದಿದವರೇ ಅಲ್ಲಿ ಬೇಕಾಗಿರುವುದು.

ಆಡಳಿತ ಸಮಿತಿಗಳ ಹೊಣೆ ಇನ್ನೂ ದೊಡ್ಡದು. ಮಿನಾರದ ಎತ್ತರದ ಬಗ್ಗೆ ಸಭೆ ಸೇರುವವರು, ಮೂರು ದಿನದಿಂದ ಯಾರು ಬಂದಿಲ್ಲ ಎಂದು ವಾರಕ್ಕೊಮ್ಮೆಯಾದರೂ ಕೇಳಲಿ. ಬಾರದವನ ಮನೆಗೆ ಇಬ್ಬರು ಹೋಗಲಿ, ಆಕ್ಷೇಪಿಸಲಿಕ್ಕಲ್ಲ, ಕ್ಷೇಮ ವಿಚಾರಿಸಲಿಕ್ಕೆ. ಹಿಂದಿರುಗಿದ ಯುವಕನನ್ನು 'ಇಷ್ಟು ದಿನ ಎಲ್ಲಿದ್ದೆ?' ಎಂದು ಚುಚ್ಚದೆ ಜಾಗ ಮಾಡಿಕೊಡಲಿ. ಮಹಿಳೆಯರಿಗೆ ಒಂದು ಬಾಗಿಲು, ಒಂದು ಕೋಣೆ ಇರಲಿ. ವಿಧವೆಯ ಸಂಕಟ ಗಂಡಸರ ಸಫ್ಫಿನ ತನಕ ತಾನಾಗಿ ನಡೆದು ಬರುವುದಿಲ್ಲ.

ಇಂದು ಇನ್ನೊಬ್ಬನ ಸ್ಥಾನ ತೆರವಾಗಿದೆ. ನಾಳೆ ಕಾಯಿಲೆಯೋ ಸಾಲವೋ ನಮ್ಮನ್ನು ಮನೆಯಲ್ಲಿ ಕೂರಿಸಿದಾಗ ನಮ್ಮದೂ ತೆರವಾಗುತ್ತದೆ. ಅಂದು ಬಾಗಿಲು ತಟ್ಟುವವರು ಬೇಕೆಂದಾದರೆ, ಇಂದಿನ ಅಝಾನ್‌ಗೆ ಹೊರಡೋಣ.