ಬೆಳಗಾಗುವುದರೊಳಗೆ ಬಾಡಿದ ಗಿಡ

ಹಿಂದಿನ ದಿನ ಸಂಜೆಯವರೆಗೆ ನಳನಳಿಸುತ್ತಿದ್ದ ಪಾಲಕ್ ಗಿಡ ಬೆಳಗಾಗುವುದರೊಳಗೆ ತಲೆ ಬಾಗಿಸಿ ನಿಂತಿರುತ್ತದೆ. ಬಕೆಟಿನ ತುಂಬ ನೀರಿದೆ, ನೀರಿನಲ್ಲಿ ಗೊಬ್ಬರವೂ ಇದೆ. ಹೀಗಿದ್ದೂ ಗಿಡ ಬಾಡಿದ್ದೇಕೆ? ಮಣ್ಣಿಲ್ಲದೆ, ಲವಣಗಳನ್ನು ಕರಗಿಸಿದ ನೀರಿನಲ್ಲೇ ಗಿಡ ಬೆಳೆಸುವ ಜಲಕೃಷಿ, ಅಂದರೆ ಹೈಡ್ರೋಪೋನಿಕ್ಸ್, ಈಗ ಮನೆಯ ತಾರಸಿಗೂ ಶಾಲೆಯ ವಿಜ್ಞಾನ ಪ್ರದರ್ಶನಕ್ಕೂ ಬಂದಿದೆ. ಅದರ ಜೊತೆಯಲ್ಲೇ ಈ ಪ್ರಶ್ನೆಯೂ ಬಂದಿದೆ. ಗಿಡ ಬಾಡಿದೊಡನೆ ಅನೇಕರು ಮಾಡುವ ಕೆಲಸ ಒಂದೇ: ಇನ್ನೊಂದು ಚಮಚ ಗೊಬ್ಬರ ಸುರಿಯುವುದು. ಬದುಕಬಹುದಾಗಿದ್ದ ಗಿಡ ಸಾಯುವುದು ಎಷ್ಟೋ ವೇಳೆ ಈ ಉಪಚಾರದಿಂದಲೇ.

ಮಣ್ಣು ಗಿಡಕ್ಕೆ ಆಧಾರ ಮಾತ್ರವಲ್ಲ, ಉಗ್ರಾಣವೂ ಹೌದು. ಅದು ನೀರನ್ನು ಹಿಡಿದಿಡುತ್ತದೆ, ಲವಣಗಳನ್ನು ನಿಧಾನವಾಗಿ ಬಿಟ್ಟುಕೊಡುತ್ತದೆ, ರಸಸಾರ (ಪಿಎಚ್) ಥಟ್ಟನೆ ಏರಿಳಿಯದಂತೆ ತಡೆಯುತ್ತದೆ. ಕಣಗಳ ನಡುವೆ ಬೇರಿಗೆ ಬೇಕಾದ ಗಾಳಿಯನ್ನೂ ಉಳಿಸಿಕೊಂಡಿರುತ್ತದೆ. ಜಲಕೃಷಿಯಲ್ಲಿ ಈ ಉಗ್ರಾಣವಿಲ್ಲ. ಆದ್ದರಿಂದಲೇ ಮಣ್ಣಿನಲ್ಲಿ ದಿನಗಟ್ಟಲೆ ತಡೆದು ಕಾಣಿಸಿಕೊಳ್ಳುವ ತೊಂದರೆ ಇಲ್ಲಿ ಕೆಲವೇ ಗಂಟೆಗಳಲ್ಲಿ ಎದುರಾಗುತ್ತದೆ.

ಹಾಗಾದರೆ ಮೊದಲು ಕೇಳಬೇಕಾದ ಪ್ರಶ್ನೆ ಯಾವುದು? ತೊಂದರೆ ಕಾಣಿಸಿಕೊಳ್ಳಲು ಎಷ್ಟು ಕಾಲ ಹಿಡಿಯಿತು ಎಂಬುದು. ಗಿಡ ಒಂದೇ ರಾತ್ರಿಯಲ್ಲಿ ಬಾಡಿದರೆ ಅದಕ್ಕೆ ಪೋಷಕಾಂಶದ ಕೊರತೆ ಕಾರಣವಾಗಿರುವುದು ಅಪರೂಪ. ಕೊರತೆ ನಿಧಾನವಾಗಿ ಬರುತ್ತದೆ. ಥಟ್ಟನೆ ಬಾಡಿದ ಗಿಡದಲ್ಲಿ ಎಲೆಯನ್ನಲ್ಲ, ಬೇರನ್ನು ನೋಡಬೇಕು.

ಗಿಡವನ್ನು ಮೆಲ್ಲನೆ ಮೇಲೆತ್ತಿ ನೋಡಿದಾಗ ಬೇರು ಬೆಳ್ಳಗೆ, ಗಟ್ಟಿಯಾಗಿದ್ದರೆ ಆರೋಗ್ಯವಾಗಿದೆ ಎಂದರ್ಥ. ಕಂದು ಬಣ್ಣಕ್ಕೆ ತಿರುಗಿ, ಲೋಳೆಯಾಗಿ, ಕೆಟ್ಟ ವಾಸನೆ ಬರುತ್ತಿದ್ದರೆ ಕೊಳೆಯುತ್ತಿದೆ ಎಂದು ತಿಳಿಯಬೇಕು. ಬೇರೂ ಉಸಿರಾಡುತ್ತದೆ; ಅದಕ್ಕೆ ಆಮ್ಲಜನಕ ಬೇಕು. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಲೀಟರ್ ನೀರು ಹೆಚ್ಚೆಂದರೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಕೊಳ್ಳಬಲ್ಲದು. 30 ಡಿಗ್ರಿಯಲ್ಲಿ ಅದು ಸುಮಾರು 7.5 ಮಿಲಿಗ್ರಾಂಗೆ ಇಳಿಯುತ್ತದೆ. ಆದರೆ ಬಿಸಿ ಏರಿದಂತೆ ಬೇರಿನ ಉಸಿರಾಟದ ವೇಗ ಹೆಚ್ಚುತ್ತದೆ. ಹೀಗೆ ಬೇಡಿಕೆ ಏರಿ, ಪೂರೈಕೆ ಇಳಿದಾಗ ಬೇರು ಸೋಲುತ್ತದೆ. ಉಸಿರುಗಟ್ಟಿದ ಬೇರು ನೀರಿನಲ್ಲಿ ಮುಳುಗಿದ್ದರೂ ನೀರನ್ನು ಹೀರಲಾರದು. ಪಿಥಿಯಂ ಎಂಬ, ಶಿಲೀಂಧ್ರವನ್ನು ಹೋಲುವ ಸೂಕ್ಷ್ಮಜೀವಿಗೂ ಇದೇ ಸುಸಮಯ.

ಬೇಸಿಗೆಯಲ್ಲಿ ಬಿಸಿಲಿಗೆ ಕಾದ ಬಕೆಟ್, ಕರೆಂಟು ಹೋಗಿ ನಿಂತ ಗಾಳಿಯ ಪಂಪು, ಇವೆರಡೂ ಸಾಮಾನ್ಯ ಕಾರಣಗಳು. ಪಂಪು ಇಲ್ಲದ ಬಕೆಟ್‌ಗಳಲ್ಲಿ ಮೂರನೆಯದೊಂದಿದೆ. ನೀರು ಇಳಿದಂತೆ ಮೇಲಿನ ಬೇರುಗಳು ಗಾಳಿಯಲ್ಲಿ ಉಸಿರಾಡಲು ಒಗ್ಗಿಕೊಂಡಿರುತ್ತವೆ. ನೀರು ಕಡಿಮೆಯಾಯಿತೆಂದು ಕಂಠದವರೆಗೆ ತುಂಬಿಸಿದರೆ ಆ ಬೇರುಗಳು ಮುಳುಗಿ ಉಸಿರುಗಟ್ಟುತ್ತವೆ. ಪರಿಹಾರ ಸರಳ: ಬಕೆಟನ್ನು ನೆರಳಿಗೆ ಸರಿಸಬೇಕು, ಬೆಳಕು ಒಳಗೆ ಹೋಗದಂತೆ ಹೊರಮೈಗೆ ಬಿಳಿ ಬಣ್ಣ ಬಳಿಯಬೇಕು ಅಥವಾ ಬಟ್ಟೆ ಸುತ್ತಬೇಕು, ಬೇರಿನ ಮೇಲ್ಭಾಗವನ್ನು ಗಾಳಿಗೆ ಬಿಡಬೇಕು. ಬೇರು ಕೊಳೆತಿದ್ದರೆ ಆ ಭಾಗವನ್ನು ಕತ್ತರಿಸಿ, ಬಕೆಟನ್ನು ಚೆನ್ನಾಗಿ ತೊಳೆದು, ಹೊಸ ದ್ರಾವಣ ತುಂಬಿಸಬೇಕು.

ಬೇರು ಬೆಳ್ಳಗಿದ್ದೂ ಗಿಡ ಬಾಡಿದ್ದರೆ ದ್ರಾವಣ ಗಾಢವಾಗಿರಬಹುದು. ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿಟ್ಟರೆ ಬೆಳಗಾಗುವುದರೊಳಗೆ ಭರಣಿಯ ತುಂಬ ನೀರು ಬಿಟ್ಟಿರುತ್ತದಷ್ಟೆ? ಪಾಠದಲ್ಲಿ ಓದುವ ಅಭಿಸರಣೆ ಇದೇ. ಬಿಸಿಲಿನ ದಿನಗಳಲ್ಲಿ ಗಿಡ ಲವಣಕ್ಕಿಂತ ನೀರನ್ನೇ ಹೆಚ್ಚು ಹೀರುವುದರಿಂದ ಉಳಿದ ದ್ರಾವಣ ದಿನೇ ದಿನೇ ಗಾಢವಾಗುತ್ತದೆ. ಅದಕ್ಕೆ ಮತ್ತೆ ಗೊಬ್ಬರ ಸುರಿದರೆ ಬೇರಿನ ಗತಿ ಉಪ್ಪಿನಲ್ಲಿ ಬಿದ್ದ ಮಾವಿನ ಹೋಳಿನದೇ. ಆಗ ಬೆರೆಸಬೇಕಾದದ್ದು ಬರಿಯ ನೀರು.

ಬಾಡದೆ, ಒಂದೆರಡು ವಾರಗಳಲ್ಲಿ ಎಲೆ ಹಳದಿಯಾದರೆ ಪೋಷಕಾಂಶದ ಕಡೆ ನೋಡಬೇಕು. ಹಳದಿ ಬಂದದ್ದು ಯಾವ ಎಲೆಗೆ? ಸಾರಜನಕ ಸಾಲದಿದ್ದರೆ ಗಿಡ ಹಳೆಯ ಎಲೆಯಿಂದ ಅದನ್ನು ತೆಗೆದು ಚಿಗುರಿಗೆ ಕೊಡುತ್ತದೆ. ಕೆಳಗಿನ ಎಲೆಗಳು ಮೊದಲು ಹಳದಿಯಾಗುತ್ತವೆ. ಕಬ್ಬಿಣವನ್ನು ಹಾಗೆ ಸಾಗಿಸಲು ಬಾರದು. ಆದ್ದರಿಂದ ಚಿಗುರೆಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಕೊಳವೆಬಾವಿಯ ಗಡಸು ನೀರು ಬಳಸುವ ಮನೆಗಳಲ್ಲಿ ಇದು ಹೆಚ್ಚು. ಪಾತ್ರೆಗೆ ಬಿಳಿಯ ಪೊರೆ ಕಟ್ಟಿಸುವ ಆ ನೀರಿನ ಬೈಕಾರ್ಬೊನೇಟು ದ್ರಾವಣದ ರಸಸಾರವನ್ನು ಏರಿಸುತ್ತದೆ. ಸೊಪ್ಪಿನ ಗಿಡಗಳಿಗೆ 5.5ರಿಂದ 6.5ರ ನಡುವಿನ ರಸಸಾರ ಹಿತ. ಅದು 7ನ್ನು ದಾಟಿದರೆ ಕಬ್ಬಿಣ ದ್ರಾವಣದಲ್ಲಿದ್ದೂ ಗಿಡಕ್ಕೆ ದಕ್ಕದಂತಾಗುತ್ತದೆ. ಶೇಖರಿಸಿದ ಮಳೆನೀರನ್ನು ಬೆರೆಸಿ ದ್ರಾವಣ ತಯಾರಿಸುವುದು ಮಕ್ಕಳಿರುವ ಮನೆಗೆ ಸುರಕ್ಷಿತ ಉಪಾಯ. ಆಮ್ಲ ಬಳಸುವುದಾದರೆ ಅದು ಹಿರಿಯರ ಕೈಯಲ್ಲೇ ಇರಬೇಕು.

ಜರ್ಮನಿಯ ಸಾಕ್ಸ್ ಮತ್ತು ಕ್ನಾಪ್ ಎಂಬ ವಿಜ್ಞಾನಿಗಳು 1860ರ ಸುಮಾರಿಗೆ ನೀರಿನಲ್ಲಿ ಗಿಡ ಬೆಳೆಸಿದ್ದು ಸೊಪ್ಪಿಗಾಗಿ ಅಲ್ಲ, ಗಿಡಕ್ಕೆ ಯಾವ ಯಾವ ಧಾತು ಬೇಕೆಂದು ತಿಳಿಯಲು. ದ್ರಾವಣದಿಂದ ಒಂದೊಂದೇ ಧಾತುವನ್ನು ಬಿಟ್ಟು ಗಿಡಕ್ಕೆ ಏನಾಗುತ್ತದೆಂದು ನೋಡುವುದು ಆ ವಿಧಾನ. ಮನೆಯಲ್ಲೂ ಅದೇ ಕ್ರಮ ನಡೆಯಬೇಕು. ನೀರು ಬದಲಿಸಿ, ಗೊಬ್ಬರ ಹಾಕಿ, ನೆರಳಿಗಿಟ್ಟು, ಔಷಧಿ ಸಿಂಪಡಿಸಿ, ಇಷ್ಟನ್ನೂ ಒಂದೇ ದಿನ ಮಾಡಿದರೆ ಗಿಡ ಚೇತರಿಸಿಕೊಂಡರೂ ಕಾರಣ ತಿಳಿಯುವುದಿಲ್ಲ. ಬಾಡಿದ ಗಿಡಗಳು ಎರಡಿದ್ದರೆ ಒಂದಕ್ಕೆ ಮಾತ್ರ ಒಂದೇ ಬದಲಾವಣೆ ಮಾಡಿ, ಇನ್ನೊಂದನ್ನು ಹಾಗೆಯೇ ಬಿಟ್ಟು ಹೋಲಿಸಬೇಕು. ದಿನಾಂಕ, ನೀರಿನ ಉಷ್ಣತೆ, ಸೇರಿಸಿದ ನೀರಿನ ಅಳತೆ, ಬೇರಿನ ಬಣ್ಣ ಇವನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಮುಂದಿನ ಸಲ ಅದೇ ವೈದ್ಯನಾಗುತ್ತದೆ.

ಎರಡು ಎಚ್ಚರಿಕೆಗಳು. ಕೀಟನಾಶಕವನ್ನು ಬೇರಿನ ನೀರಿಗೆ ಸುರಿಯಬಾರದು. ಅದು ಊಟದ ತಟ್ಟೆಗೆ ಬರುವ ಸೊಪ್ಪಿನೊಳಗೇ ಸೇರಬಹುದು. ನಿಂತ ತಿಳಿನೀರು ಡೆಂಗ್ಯೂ ಹರಡುವ ಸೊಳ್ಳೆಗೂ ತವರು. ಬಕೆಟಿನ ಬಾಯಿಯನ್ನು ಸಂದಿಲ್ಲದಂತೆ ಮುಚ್ಚಿರಬೇಕು.

ಉಪಚಾರದ ಫಲ ಕಾಣಲು ಸ್ವಲ್ಪ ತಾಳ್ಮೆ ಬೇಕು. ಸುಟ್ಟುಹೋದ ಎಲೆ ಮತ್ತೆ ಹಸಿರಾಗುವುದಿಲ್ಲ. ಅದನ್ನು ನೋಡಿ ಕೈಚೆಲ್ಲಿ ಗಿಡವನ್ನು ಕಿತ್ತೆಸೆಯಲು ಹೊರಟ ಮಗುವಿಗೆ ತಾಯಿತಂದೆ ಒಂದು ವಾರ ಕಾಯಲು ಹೇಳಲಿ. ಹೊಸದಾಗಿ ಮೂಡುವ ಬಿಳಿಯ ಬೇರು ಮತ್ತು ನಡುವಿನ ಚಿಗುರೆಲೆ ಗಿಡ ಉಳಿಯಿತೋ ಇಲ್ಲವೋ ಎಂಬುದನ್ನು ತಾವೇ ಹೇಳುತ್ತವೆ.