ಸ್ಪೇರ್ ಕ್ಲಾರಿಯೋನೆಟ್ ಅಂದ್ರೆ ಸುಮ್ನೆ ಅಲ್ಲ

ಮದುವೆ ಸೀಸನ್ ಶುರುವಾದ್ರೆ ನಮ್ಮ ಸೆಟ್‌ನ ಹುಡುಗರದ್ದು ಒಂದೇ ಮಾತು. "ಸ್ಪೇರ್ ಯಾವುದಾದ್ರೇನಣ್ಣ, ಪೆಟ್ಟಿಗೇಲಿ ಒಂದಿದ್ರೆ ಸಾಕು!" ನಾನೂ ಬಹಳ ವರ್ಷ ಹಾಗೇ ಅಂದ್ಕೊಂಡಿದ್ದೆ.

ಒಂದು ಮಾಘ ಮಾಸ, ಶಿಡ್ಲಘಟ್ಟದ ಹತ್ರ ಮದುವೆ, ಬೆಳಗಿನ ಜಾವದ ಮುಹೂರ್ತ. ನಮ್ಮ ಕಡೆ ಚಳಿ ನಿಮಗೆ ಗೊತ್ತೇ ಇದೆಯಲ್ಲ... ಪೆಟ್ಟಿಗೆಯಿಂದ ತೆಗೆದವನೇ ಊದೋಕೆ ಶುರು ಮಾಡ್ದೆ. ಗಟ್ಟಿಮೇಳದ ಹೊತ್ತಿಗೆ ಮೇಲಿನ ತುಂಡಲ್ಲಿ ಕೂದಲೆಳೆಯಷ್ಟು ಬಿರುಕು, ಕೆಳಗಿನ ಸ್ವರಗಳೇ ಇಲ್ಲ! ಸ್ಪೇರ್ ಎತ್ಕೊಂಡ್ರೆ ಅದರ ಪ್ಯಾಡ್‌ಗಳು ಒಣಗಿ ಗಾಳಿ ಸೋರ್ತಿತ್ತು, ಶ್ರುತಿ ಪೆಟ್ಟಿಗೆಗೂ ಅದಕ್ಕೂ ಸಂಬಂಧವೇ ಇಲ್ಲ. ಹುಡುಗಿಯ ತಂದೆ ಒಂದು ಮಾತೂ ಬೈಲಿಲ್ಲ. ಪೂರ್ತಿ ದುಡ್ಡು ಕೊಟ್ಟು, "ಚಿಕ್ಕವಳ ಮದುವೆಗೆ ಬೇರೆಯವರಿಗೆ ಹೇಳಿದೀವಿ ಮೇಷ್ಟ್ರೇ" ಅಂದ್ರು. ಬೈದಿದ್ರೇ ಚೆನ್ನಾಗಿತ್ತು.

ತಪ್ಪು ನಂದೇ. ಒಳ್ಳೆ ಕ್ಲಾರಿಯೋನೆಟ್ ಗ್ರೆನಡಿಲ್ಲಾ ಅನ್ನೋ ಆಫ್ರಿಕಾದ ಕರಿ ಮರದ್ದು. ಹೊರಗೆ ಚಳಿ, ಒಳಗೆ ಬಿಸಿ ಉಸಿರು. ಒಳಭಾಗ ಹಿಗ್ಗುತ್ತೆ, ಹೊರಭಾಗ ಹಿಗ್ಗಲ್ಲ, ಸೀಳುತ್ತೆ. ಅದಕ್ಕೇ ನಾನು ಹೇಳೋದು, ಸ್ಪೇರ್ ಆದದ್ದು ಮರದ್ದಾಗಿರಬಾರದು. ಯಮಹಾ 255 ಥರದ ಎಬಿಎಸ್ ಪ್ಲಾಸ್ಟಿಕ್ಕಿನದು ಇರಲಿ. "ಪ್ಲಾಸ್ಟಿಕ್ ಅಂದ್ರೆ ಆಟದ ಸಾಮಾನು" ಅಂತ ಮೂಗು ಮುರಿಯೋ ಹಿರಿಯರಿದ್ದಾರೆ. ಚಿಂತಾಮಣಿಯ ಛತ್ರದಲ್ಲಿ ಹೋಳಿಗೆ ಊಟಕ್ಕೆ ಕೂತಿರೋರಿಗೆ ಮರ ಯಾವುದು, ಪ್ಲಾಸ್ಟಿಕ್ ಯಾವುದು ಅಂತ ಗೊತ್ತಾಗುತ್ತಾ? ನಾದದಲ್ಲಿ ದೊಡ್ಡ ಪಾಲು ಮೌತ್‌ಪೀಸ್, ರೀಡ್ ಮತ್ತು ಊದೋನದ್ದು ಸ್ವಾಮಿ.

ಸೆಕೆಂಡ್ ಹ್ಯಾಂಡ್ ಆದ್ರೂ ಪರವಾಗಿಲ್ಲ. ಆದ್ರೆ ಒಂದೊಂದು ತುಂಡನ್ನೂ ರಂಧ್ರ ಮುಚ್ಚಿ, ಕೆಳಗೆ ಅಂಗೈ ಒತ್ತಿ, ಮೇಲಿಂದ ಊದಿ ನೋಡಿ. ಗಾಳಿ ನಿಲ್ಲದಿದ್ರೆ ವಾಪಸ್ ಕೊಟ್ಟುಬಿಡಿ. ಬಿ ಫ್ಲಾಟ್ ನುಡಿಸೋರು ಅಗ್ಗಕ್ಕೆ ಸಿಕ್ತು ಅಂತ ಎ ಕ್ಲಾರಿಯೋನೆಟ್ ತಂದ್ರೆ ಅದು ಅರ್ಧ ಸ್ವರ ಕೆಳಗೆ ಕೂತಿರುತ್ತೆ, ಹುಷಾರು! ಕೀಲಿಗಳ ಜೋಡಣೆಯೂ ನಿಮ್ಮ ಮೊದಲನೆಯದರ ಹಾಗೇ ಇರಬೇಕು. ಹಳೇ ಪದ್ಧತಿಯ ಕೊಳವೆಯಲ್ಲಿ ಪಳಗಿದ ಬೆರಳಿಗೆ ಬೋಮ್ ಪದ್ಧತಿಯದು ಕೊಟ್ರೆ ಮಂಟಪದಲ್ಲೇ ತಡಕಾಡಬೇಕಾಗುತ್ತೆ. ಎರಡಕ್ಕೂ ಒಂದೇ ಮೌತ್‌ಪೀಸ್ ಕೂತ್ರೆ ಅರ್ಧ ಚಿಂತೆ ಹೋಯ್ತು.

ಇನ್ನೊಂದು, ಸ್ಪೇರನ್ನೂ ವಾರಕ್ಕೊಮ್ಮೆ ಊದಬೇಕು. ನಾನು ಶುಕ್ರವಾರ ಅಂತ ಇಟ್ಕೊಂಡಿದೀನಿ. ಮನೆಯವಳು ಅದಕ್ಕೆ "ಚಿಕ್ಕ ಸಂಸಾರ" ಅಂತ ಹೆಸರಿಟ್ಟಿದ್ದಾಳೆ :)

ಮೊನ್ನೆ ಗೌರಿಬಿದನೂರಿನ ಆರತಕ್ಷತೆಯಲ್ಲಿ ಮರದ್ದರ ಸ್ಪ್ರಿಂಗ್ ಒಂದು ಹಾರಿ ಹೋಯ್ತು. ಡೋಲಿನವನಿಗೆ ಕಣ್ಣಲ್ಲೇ ಸನ್ನೆ ಮಾಡ್ದೆ. ಅವನು ಒಂದು ಸುತ್ತು ಜಾಸ್ತಿ ಬಾರಿಸೋದ್ರೊಳಗೆ ಮೌತ್‌ಪೀಸ್ ಕಿತ್ತು ಪ್ಲಾಸ್ಟಿಕ್ಕಿಗೆ ಹಾಕ್ದೆ. ಪಕ್ಕದಲ್ಲಿ ಕೂತು ಕೀಬೋರ್ಡ್ ನುಡಿಸ್ತಿದ್ದ ಹುಡುಗನಿಗೂ ಗೊತ್ತಾಗಲಿಲ್ಲ.